ಐದು ಕಿಲೋ ತೂಗುವವರೆಗೆ

ಮಗಳು ಹುಟ್ಟಿದಾಗ ನರ್ಸ್ ಮೊದಲು ಹೇಳಿದ ಮಾತು ಯಾವುದು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. 'ಹೆಣ್ಣು ಮಗು, ಮೂರು ಕಿಲೋಗೆ ಸ್ವಲ್ಪ ಕಡಿಮೆ' ಎಂದರು ಎಂದು ನನ್ನ ನೆನಪು. 'ಗಾಬರಿಯಾಗಬೇಡಿ' ಎಂದರು ಎಂದು ಹೆಂಡತಿ ಸೌಮ್ಯಳ ನೆನಪು. ಅವಳು ಒಳಗೆ ಮಲಗಿದ್ದಳು, ನಾನು ಹೊರಗೆ ನಿಂತಿದ್ದೆ. ಬೇರೆ ಬೇರೆ ನರ್ಸ್ ಬೇರೆ ಬೇರೆ ಮಾತು ಹೇಳಿರಬಹುದು. ಮಗಳಿಗೆ ಈಗ ಮೂರು ವರ್ಷ. ತುಟಿಗೆ ಒಂದು, ಅಂಗುಳಿಗೆ ಒಂದು, ಹೀಗೆ ಎರಡು ಶಸ್ತ್ರಚಿಕಿತ್ಸೆ ಮುಗಿದಿವೆ. ವಾರಕ್ಕೊಮ್ಮೆ ಮಾತಿನ ತರಬೇತಿಗೆ ಹೋಗುತ್ತಾಳೆ. 'ಪ' ಹೇಳಲು ಕಲಿತದ್ದರಿಂದ ಈಚೆಗೆ ನನ್ನನ್ನು ಗಟ್ಟಿಯಾಗಿ 'ಪಪ್ಪ' ಎಂದು ಕರೆಯುತ್ತಾಳೆ. ಇಷ್ಟನ್ನು ಕಾಗದ ನೋಡಿ ದೃಢಪಡಿಸಬಹುದು. ಮುಂದೆ ಬರೆಯುವುದರಲ್ಲಿ ಹೆಚ್ಚಿನದಕ್ಕೆ ಕಾಗದವಿಲ್ಲ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಮೂರು ಕೆಲಸ ಹಿಡಿದು ಬಿಟ್ಟು, ಈಗ ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ನೆನಪು ಎಷ್ಟು ಕೆಟ್ಟ ಸಾಕ್ಷಿ ಎಂಬುದು ನನ್ನ ಪಾಠದಲ್ಲೇ ಇದೆ. ಮಗುವಿಗೆ ತೊಂದರೆಯಾದವರು ಹಿಂದಿನದನ್ನು ಕೆದಕುತ್ತಾರೆ, ಕೆದಕಿದ್ದರಿಂದಲೇ ಏನಾದರೂ ಸಿಗುತ್ತದೆ. ಮಗು ಸರಿಯಿರುವ ತಾಯಿ ಅದೇ ಮಾತ್ರೆ ನುಂಗಿದ್ದರೂ ಅದನ್ನು ಮರೆತಿರುತ್ತಾಳೆ. ಪ್ರತಿ ವರ್ಷ ಇದನ್ನು ಬೋರ್ಡಿನ ಮೇಲೆ ಬರೆದು ವಿವರಿಸುತ್ತೇನೆ. ನನ್ನ ಸರದಿ ಬಂದಾಗ ಅದರಿಂದ ಏನೂ ಉಪಯೋಗವಾಗಲಿಲ್ಲ.

ಮಗುವಿನ ಮೇಲ್ದುಟಿ ಎಡಬದಿಯಲ್ಲಿ ಮೂಗಿನ ಹೊಳ್ಳೆಯವರೆಗೆ ಸೀಳಿತ್ತು. ಬಾಯಿಯೊಳಗೆ ಅಂಗುಳೂ ಕೂಡಿರಲಿಲ್ಲ. ಸ್ಕ್ಯಾನ್ ಮಾಡಿದಾಗೆಲ್ಲ ಅವಳು ಮುಖಕ್ಕೆ ಕೈ ಅಡ್ಡ ಹಿಡಿದಿದ್ದಳಂತೆ. ಅವಳು ಹುಟ್ಟಿದ ಬಿ.ಸಿ. ರೋಡಿನ ಆಸ್ಪತ್ರೆಯಲ್ಲಿ ಮಗುವನ್ನು ಮೊದಲು ಎತ್ತಿಕೊಂಡದ್ದು ನನ್ನ ಅತ್ತೆ, ಸೌಮ್ಯಳ ತಾಯಿ. ಕಿಟಕಿಯ ಬೆಳಕಿಗೆ ಹಿಡಿದು, ಒಂದು ಬೆರಳಿನಿಂದ ಗಲ್ಲ ತಗ್ಗಿಸಿ, ಒಳಗೆ ನೋಡಿದರು.

"ಬಾಯಿ ಕೂಡ್ಲಿಲ್ಲ. ಇದನ್ನು ಹೊಲೀತಾರೆ, ಕಾಣದ್ದೇನಲ್ಲ. ಈಗ ಹಾಲಿಗೆ ಎಂತ ಮಾಡುವುದು?"

ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಎಲ್ಲರ ಬಾಯಲ್ಲೂ ಕನ್ನಡ ಹಾಕುತ್ತಿದ್ದೇನೆ. ಅಷ್ಟರ ಮಟ್ಟಿಗೆ ಇದು ಆಗಲೇ ತಿದ್ದಿದ ಸಾಕ್ಷ್ಯ.

ಎಂಟನೇ ದಿನ ಅತ್ತೆಯನ್ನೂ ಕರೆದುಕೊಂಡು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಸೀಳುತುಟಿಗೆಂದೇ ಅಲ್ಲಿ ವಾರಕ್ಕೊಂದು ದಿನ ಇಟ್ಟಿದ್ದಾರೆ. ಕಾಯುವ ಕೋಣೆಯಲ್ಲಿ ಹನ್ನೆರಡು ಮಕ್ಕಳಿದ್ದವು, ಅಥವಾ ಹತ್ತು. ಅಲ್ಲಿಯವರೆಗೆ ಸೌಮ್ಯ ಸೀರೆಯ ಸೆರಗನ್ನು ಮಗುವಿನ ಮುಖದ ಮೇಲೆ ಎಳೆದುಕೊಂಡೇ ಇದ್ದಳು. ಒಳಗೆ ಕಾಲಿಟ್ಟು ಸುತ್ತ ನೋಡಿ ಸೆರಗು ತೆಗೆದಳು. ಯಾರೂ ತಿರುಗಿ ನೋಡಲಿಲ್ಲ. ಆ ದಿನದಲ್ಲಿ ನನಗೆ ಒಳ್ಳೆಯದೆನಿಸಿದ್ದು ಅದೊಂದೇ.

ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಮಗು ಐದು ಕಿಲೋ ತೂಗಬೇಕು, ರಕ್ತ ಚೆನ್ನಾಗಿರಬೇಕು, ಆಗ ಅರಿವಳಿಕೆ ಕೊಟ್ಟು ತುಟಿ ಹೊಲಿಯಬಹುದು ಎಂದರು. ಮೂರು ತಿಂಗಳು ದಾಟುವಾಗ ಅಷ್ಟಾದರೆ ಒಳ್ಳೆಯದು. ತಡವಾದರೆ ಮುಂದಿನದ್ದೆಲ್ಲ ತಡ. ಆದರೆ ತೂಕ ಏರಬೇಕಾದರೆ ಹಾಲು ಹೊಟ್ಟೆಗೆ ಹೋಗಬೇಕು, ಈ ಮಗುವಿಗೆ ಚೀಪಲು ಬರುವುದಿಲ್ಲ. ತಾಯಿಯ ಹಾಲು ಹಿಂಡಿ, ಮಗುವನ್ನು ನೆಟ್ಟಗೆ ಹಿಡಿದು, ಒಳಲೆಯಲ್ಲಿ, ಅಂದರೆ ಮೂತಿಯಿರುವ ಆ ಪುಟ್ಟ ಬಟ್ಟಲಿನಲ್ಲಿ, ತೊಟ್ಟು ತೊಟ್ಟಾಗಿ ಹಾಕಬೇಕು. ಆತುರ ಮಾಡಿದರೆ ಮೂಗಿನಲ್ಲಿ ಬರುತ್ತದೆ.

ಅದಾದ ಮೇಲೆ ಒಬ್ಬ ಹುಡುಗಿ ಫೈಲು ಹಿಡಿದು ಬಂದು ಪ್ರಶ್ನೆ ಕೇಳಿದಳು. ಗರ್ಭಿಣಿಯಾದ ಮೊದಲ ಮೂರು ತಿಂಗಳಲ್ಲಿ ಯಾವ ಮಾತ್ರೆ? ಫಿಟ್ಸ್‌ಗೆ ಔಷಧಿ ಉಂಟಾ? ಸಕ್ಕರೆ ಕಾಯಿಲೆ? ಫೋಲಿಕ್ ಮಾತ್ರೆ ಯಾವಾಗ ಶುರು ಮಾಡಿದ್ದು? ರಕ್ತಸಂಬಂಧದಲ್ಲಿ ಮದುವೆಯಾ? ಮನೆಯಲ್ಲಿ ಯಾರಾದರೂ ಸೇದುತ್ತಾರಾ? ಇಲ್ಲ, ಇಲ್ಲ, ಇಲ್ಲ. ಸಂಬಂಧಿಕರಲ್ಲಿ ಯಾರಿಗಾದರೂ ಹೀಗೆ ಇತ್ತಾ? ಈ ಪ್ರಶ್ನೆಗೆ ಸೌಮ್ಯ ಅತ್ತೆಯ ಮುಖ ನೋಡಿದಳು. ಅತ್ತೆ ಬೆರಳು ಮಡಚಿ ಎಣಿಸಿದರು: ತಮ್ಮ ತಾಯಿ, ತಾಯಿಯ ಅಕ್ಕತಂಗಿಯರು, ಮಾವಂದಿರು, ಅಕ್ಕನ ಮಕ್ಕಳು. ಇಲ್ಲ. ನಮ್ಮಲ್ಲಿ ಮಗು ತಾಯಿಯ ಬಳಿಗೆ, ಅಂದರೆ ಅವಳ ಕುಲಕ್ಕೆ, ಸೇರಿದ್ದು. ವಂಶ, ಸೂತಕ, ದೈವದ ಪಾಲು ಎಲ್ಲವೂ ಆ ಕಡೆಯಿಂದಲೇ ಎಣಿಕೆ. ಅಪ್ಪನ ಕಡೆಯವರು ನೆಂಟರು, ಅಷ್ಟೆ. ಅತ್ತೆ ಆ ಲೆಕ್ಕದಲ್ಲಿ ಎಣಿಸಿ ಮುಗಿಸಿದರು, ಹುಡುಗಿ 'ಇಲ್ಲ' ಎಂದು ಬರೆದುಕೊಂಡಳು. ಪಕ್ಕದಲ್ಲಿ ಕೂತಿದ್ದ ನಾನು, ಸ್ನಾತಕೋತ್ತರ ಪದವೀಧರ, ತಲೆಯಾಡಿಸಿದೆ.

ಬಾಣಂತನ ನರಿಕೊಂಬಿನಲ್ಲಿ, ಅತ್ತೆಯ ಮನೆಯಲ್ಲಿ. ನಾನು ಶನಿವಾರ ಮೂಡುಬಿದಿರೆಯಿಂದ ಹೋಗಿ ಸೋಮವಾರ ಬೆಳಿಗ್ಗೆ ಮರಳುತ್ತಿದ್ದೆ. ಅತ್ತೆ ಬೀಡಿ ಕಟ್ಟುವವರು. ಮಾವ ತೀರಿಹೋದ ಮೇಲೆ ಸೌಮ್ಯಳನ್ನು ಡಿಗ್ರಿ ಓದಿಸಿದ್ದು ಅದರಲ್ಲೇ. ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು, ಪಕ್ಕದ ಮನೆಯ ಮೈಮೂನಾ ಅವರ ಜೊತೆ ಮಾತಾಡುತ್ತ ಕಟ್ಟುತ್ತಾರೆ. ಕೈ ಅದರ ಪಾಡಿಗೆ ಅದು ನಡೆಯುತ್ತದೆ. ಅದೇ ಕೈ ಒಳಲೆ ಹಿಡಿದಾಗಲೂ ಹಾಗೆಯೇ. ಮಗುವನ್ನು ಎಡತೊಡೆಯ ಮೇಲೆ ಒರಗಿಸಿ, ಕೆನ್ನೆಯ ಒಳಬದಿಗೆ ಒಳಲೆಯ ಮೂತಿ ತಾಗಿಸಿ, ಒಂದು ತೊಟ್ಟು ಬಿಟ್ಟು, ನುಂಗುವ ಸದ್ದು ಕೇಳಿದ ಮೇಲೆ ಇನ್ನೊಂದು. ಮೈಮೂನಾ ನಗುತ್ತಿದ್ದರು: "ನಿಮ್ಮ ಅತ್ತೆಗೆ ಎಂತ ಕೊಟ್ರೂ ಬೀಡಿಯೇ ಮಾರಾಯ್ರೇ. ಸ್ವಲ್ಪ ಬಿಟ್ರೆ ಮಗುವಿಗೂ ನೂಲು ಸುತ್ತಿಯಾರು."

ಮೂರನೇ ವಾರಕ್ಕೆ ಮಗು ಮೂರು ಕಿಲೋ ದಾಟಿತ್ತು.

ನೆರೆಯವರು ಗ್ರಹಣದ ಮಾತು ತೆಗೆದರು. ನಾನು ನಕ್ಕೆ, ಸ್ವಲ್ಪ ಒರಟಾಗಿಯೇ. ಕಾರಣ ಹುಡುಕುವುದನ್ನು ಮಾತ್ರ ನಾನೂ ಬಿಟ್ಟಿರಲಿಲ್ಲ; ನನ್ನದು ಇಂಗ್ಲಿಷಿನಲ್ಲಿತ್ತು, ಅಷ್ಟೇ ವ್ಯತ್ಯಾಸ. ಪ್ರಬಂಧಗಳನ್ನು ಓದಿದೆ. ತಂಬಾಕು ಎಂಬ ಪದ ಮತ್ತೆ ಮತ್ತೆ ಬಂತು. ಒಂದು ಶನಿವಾರ ಜಗಲಿ ಹತ್ತುವಾಗ ಹೊಗೆಸೊಪ್ಪಿನ ವಾಸನೆ ಮೂಗಿಗೆ ಹೊಡೆಯಿತು. ಆರು ವರ್ಷದಿಂದ ಆ ಮನೆಗೆ ಹೋಗಿ ಬರುತ್ತಿದ್ದೆ, ಆವರೆಗೆ ಅದು ವಾಸನೆಯೆಂದೇ ಅನಿಸಿರಲಿಲ್ಲ. ಮನೆಯಲ್ಲಿ ಯಾರೂ ಸೇದುವುದಿಲ್ಲ ಎಂದು ಹೇಳಿ ಬಂದಿದ್ದೆವು. ಸೇದುವುದಿಲ್ಲ, ನಿಜ. ದಿನವಿಡೀ ಅದರ ಪುಡಿಯಲ್ಲಿ ಕೂತಿರುತ್ತಾರೆ.

ಗರ್ಭಿಣಿಯಾದ ಎರಡನೇ ತಿಂಗಳಲ್ಲಿ ವಾಂತಿಯೆಂದು ಸೌಮ್ಯ ಅಲ್ಲಿ ಐದು ವಾರ ಇದ್ದಳು. ಆಗ ಅವಳೂ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದ ಚಿತ್ರ ನನ್ನ ಕಣ್ಣ ಮುಂದೆ ಸ್ಪಷ್ಟವಾಗಿ ಬಂತು. ಹಸಿರು ನೈಟಿ, ಮಡಿಲಲ್ಲಿ ಮೊರ.

"ಆಗ ನಾನು ಮೊರ ಮುಟ್ಟಲೇ ಇಲ್ಲ. ಆ ವಾಸನೆಗೆ ವಾಂತಿ ಜಾಸ್ತಿ ಆಗ್ತಿತ್ತು. ಒಳಗಿನ ಕೋಣೆಯಲ್ಲೇ ಮಲಗ್ತಿದ್ದೆ" ಎಂದಳು ಸೌಮ್ಯ.

"ಹಸಿರು ನೈಟಿ?"

"ಅದು ಮದುವೆಯಾದ ವರ್ಷದ್ದು. ಹರಿದು ನೆಲ ಒರೆಸಿ ಆಯ್ತು."

ಅವಳು ಹೇಳಿದ್ದು ಸರಿಯಿರಬಹುದು. ಹಳೆಯ ಚಿತ್ರವೊಂದನ್ನು ತಂದು ಹೊಸ ಜಾಗದಲ್ಲಿ ಅಂಟಿಸಿದ್ದೆನೇನೋ. ಹಾಗೆ ಆಗುತ್ತದೆ ಎಂದು ಗೊತ್ತಿದ್ದವನು ನಾನೇ. ಆದರೂ ಮರುದಿನ ಹೆಂಡತಿ ಮಗುವನ್ನು ಮೂಡುಬಿದಿರೆಗೆ ಕರೆದುಕೊಂಡು ಹೋದೆ. ಬಾಣಂತನದ ನಡುವೆ, ನಾಲ್ಕನೇ ವಾರದಲ್ಲಿ, ತಾಯಿಮನೆಯಿಂದ. ಹಾಗೆ ಯಾರೂ ಮಾಡುವುದಿಲ್ಲ.

ಹೊರಡುವಾಗ ನಾನು ಹೇಳಿದ್ದು, ನನ್ನ ನೆನಪಿನ ಪ್ರಕಾರ, ಇಷ್ಟು: "ಹೊಗೆಸೊಪ್ಪಿನ ಗಾಳಿಯಿಂದ ಸ್ವಲ್ಪ ದಿನ ದೂರ ಇದ್ದರೆ ಒಳ್ಳೇದು." ಸೌಮ್ಯಳ ಪ್ರಕಾರ ನಾನು ಹೇಳಿದ್ದು: "ನಿಮ್ಮ ಬೀಡಿಯಿಂದಲೇ ಮಗುವಿನ ತುಟಿ ಹೀಗಾದದ್ದು." ಇಬ್ಬರೂ ಸತ್ಯವೆಂದೇ ನಂಬಿದ್ದೇವೆ.

ಮೂಡುಬಿದಿರೆಯ ಬಾಡಿಗೆ ಮನೆಗೆ ಗುರುವಾಯನಕೆರೆಯಿಂದ ನನ್ನ ಅಮ್ಮ ಬಂದರು. ಒಳಲೆ ಕೈಗೆ ಕೊಟ್ಟರೆ ಅಮ್ಮ ಹಾಲನ್ನು ಹೊರಗೇ ಚೆಲ್ಲುತ್ತಿದ್ದರು. ಸೌಮ್ಯ ಹಾಲು ಹಿಂಡಿ ಸುಸ್ತಾಗಿ ಕುಡಿಸಲು ಕೂತರೆ ಅರ್ಧ ಗಂಟೆಗೆ ಮಗುವೂ ಅವಳೂ ಅಳುತ್ತಿದ್ದರು. ನಾನು ಕಾಲೇಜಿಗೆ ರಜೆ ಹಾಕಿ, ಗಡಿಯಾರ ನೋಡಿ, ಅಳೆದು ಕುಡಿಸಿದೆ. ಪುಸ್ತಕದಲ್ಲಿ ಬರೆದಿಟ್ಟೆ: ಇಷ್ಟು ಹೋಯಿತು, ಇಷ್ಟು ಮೂಗಿನಲ್ಲಿ ಬಂತು, ಇಷ್ಟು ಅಂಗಿಗೆ. ನನ್ನ ದಾಖಲೆ ಬಹಳ ಅಚ್ಚುಕಟ್ಟಾಗಿತ್ತು. ಮಗುವಿನ ತೂಕ ಮೊದಲ ವಾರ ನಿಂತಲ್ಲೇ ನಿಂತಿತು, ಎರಡನೇ ವಾರ ಇನ್ನೂರು ಗ್ರಾಂ ಇಳಿಯಿತು.

ಮಂಗಳೂರಿನ ಡಾಕ್ಟರ್ ನನ್ನ ಪುಸ್ತಕವನ್ನು ತಿರುವಿ ಹಿಂದೆ ಕೊಟ್ಟರು.

"ಮೊದಲು ಚೆನ್ನಾಗಿ ಏರ್ತಿತ್ತಲ್ಲ. ಆಗ ಯಾರು ಕುಡಿಸ್ತಿದ್ದದ್ದು?"

"ಇವಳ ತಾಯಿ."

"ಅವರೆಲ್ಲಿ ಈಗ?"

ನಾನು ಬೀಡಿಯ ವಿಷಯ ವಿವರಿಸಿದೆ, ಓದಿದ್ದನ್ನೂ ಸೇರಿಸಿ. ಅವರು ಪೂರ್ತಿ ಕೇಳಿದರು.

"ತಾಯಿ ಸೇದಿದರೆ, ಹೊಗೆ ಕುಡಿದರೆ, ಅಪಾಯ ಹೆಚ್ಚು. ಅದು ಗೊತ್ತಿರುವ ವಿಷಯ. ಕಟ್ಟುವವರ ಮನೆಯಲ್ಲಿ ಇದ್ದದ್ದಕ್ಕೇ ಆಯ್ತು ಅಂತ ನಾನು ಹೇಳುವುದಿಲ್ಲ. ಒಂದು ಮಗುವಿನಲ್ಲಿ ಇಂಥದ್ದರಿಂದಲೇ ಅಂತ ಬೆರಳು ತೋರಿಸ್ಲಿಕ್ಕೆ ಹೆಚ್ಚಾಗಿ ಆಗುವುದೇ ಇಲ್ಲ. ಈಗ ಕೈಗೂಸು, ಹೊಗೆಸೊಪ್ಪಿನ ಪುಡಿ ಅದರ ಹತ್ತಿರ ಬೇಡ, ಅದು ಸರಿ. ಪುಡಿಯನ್ನು ದೂರ ಇಡಿ. ಅಜ್ಜಿಯನ್ನು ಯಾಕೆ ದೂರ ಇಟ್ಟದ್ದು?"

ಹೊರಗೆ ಬಂದಾಗ ಸೌಮ್ಯ ನನ್ನ ಮುಖ ನೋಡಲಿಲ್ಲ. ಶಸ್ತ್ರಚಿಕಿತ್ಸೆಯ ದಿನ ಇನ್ನೂ ಕೊಟ್ಟಿರಲಿಲ್ಲ. ಐದು ಕಿಲೋ ಎಂಬುದು ಅವತ್ತು ಎರಡು ವಾರದ ಹಿಂದಿಗಿಂತ ದೂರದಲ್ಲಿತ್ತು.

ಆದರೂ ಅಂದೇ ನಾನು ನರಿಕೊಂಬಿಗೆ ಹೋಗಲಿಲ್ಲ. ಎರಡು ದಿನದ ಬಳಿಕ ಹೋದದ್ದಕ್ಕೆ ಕಾರಣ ನನ್ನ ಅಮ್ಮ. ಬೆಳಿಗ್ಗೆ ಹಾಲು ಮತ್ತೆ ಮಗುವಿನ ಮೂಗಿನಿಂದ ಇಳಿಯಿತು. ಅಮ್ಮ ಬಟ್ಟೆಯ ತುದಿಯಿಂದ ಒರೆಸುತ್ತ, ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: "ಅಣ್ಣನಿಗೂ ಹೀಗೇ ಮೂಗಲ್ಲಿ ಬರ್ತಿತ್ತಂತೆ. ಅಮ್ಮ ಹೇಳ್ತಿದ್ರು."

"ಯಾವ ಅಣ್ಣ?"

"ನನಗೆ ಎಷ್ಟು ಜನ ಅಣ್ಣಂದಿರು? ವಾಸಣ್ಣ."

ವಾಸುಮಾವ ಗುರುವಾಯನಕೆರೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು, ಈಗಿಲ್ಲ. ದಪ್ಪ ಮೀಸೆ. ಮೀಸೆಯ ನಡುವೆ ಕೂದಲು ಬೆಳೆಯದ ಒಂದು ಗೆರೆ.

"ಅವರಿಗೆ ಸಣ್ಣದಿರುವಾಗ ಕೋಣ ಹಾಯ್ದದ್ದಲ್ವಾ?"

"ಅದು ಹೆಣ್ಣು ನೋಡ್ಲಿಕ್ಕೆ ಹೋದಾಗ ಹೇಳಿದ್ದು ಮಾರಾಯ. ಆಮೇಲೆ ಅದೇ ಉಳೀತು."

"ಆಸ್ಪತ್ರೆಯಲ್ಲಿ ಕೇಳಿದಾಗ ಇದನ್ನು ಯಾಕೆ ಹೇಳ್ಲಿಲ್ಲ?"

"ನನ್ನತ್ರ ಯಾರು ಕೇಳಿದ್ದು? ನಾನು ಬಂದಿದ್ದೆನಾ ಅಲ್ಲಿಗೆ? ಮತ್ತೆ ಮಗು ಅವರ ಬಳಿಯದ್ದು. ನಮ್ಮದು ಎಂತಕ್ಕೆ ಅದರಲ್ಲಿ?"

ವಾಸುಮಾವ ಮೂಗಿನಲ್ಲಿ ಮಾತಾಡುತ್ತಿದ್ದರು. ರಜೆಯಲ್ಲಿ ನಾವು ಮಕ್ಕಳೆಲ್ಲ ಅಂಗಡಿಯ ಹಿಂದೆ ನಿಂತು ಅವರ ದನಿಯನ್ನು ಅಣಕಿಸುತ್ತಿದ್ದೆವು, ನಾನು ಎಲ್ಲರಿಗಿಂತ ಚೆನ್ನಾಗಿ. ಒಮ್ಮೆ ಅವರು ಕೇಳಿಸಿಕೊಂಡರು. ಬಂದು ನನ್ನ ಸೈಕಲ್ಲಿಗೆ ಗಾಳಿ ಹಾಕಿ ಕೊಟ್ಟರು. ಇದು ನಡೆದದ್ದೇ, ಅಥವಾ ಅಪರಾಧಿಭಾವಕ್ಕೆ ತಕ್ಕಂತೆ ನಾನೇ ಕಟ್ಟಿಕೊಂಡದ್ದೇ, ಹೇಳಲಾರೆ. ಆಸ್ಪತ್ರೆಯಲ್ಲಿ ತಲೆಯಾಡಿಸುವಾಗ ಆ ದನಿ ನನ್ನ ಕಿವಿಯ ಮೂಲೆಯಲ್ಲೆಲ್ಲೋ ಇರಲಿಲ್ಲ ಎಂದೂ ಪ್ರಮಾಣ ಮಾಡಲಾರೆ. ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದೆ. ಎರಡೂ ಕಡೆಯ ಸಂಬಂಧಿಕರು ಲೆಕ್ಕಕ್ಕೆ ಬರುತ್ತಾರೆ, ಬರೆದುಕೊಳ್ಳುತ್ತೇವೆ, ಆದರೆ ಇದರಿಂದಲೂ ಇದೇ ಕಾರಣ ಎಂದಾಗುವುದಿಲ್ಲ ಎಂದರು. ಅವರ ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ.

ನರಿಕೊಂಬಿಗೆ ತಲುಪಿದಾಗ ಹೊತ್ತು ಮಧ್ಯಾಹ್ನ. ಅತ್ತೆಯ ಜಗಲಿ ಖಾಲಿ. ಸೆಗಣಿ ಸಾರಿಸಿ ಒಣಗಿತ್ತು. ಮೊರ, ಎಲೆ, ಪುಡಿಯ ಡಬ್ಬ ಏನೂ ಇಲ್ಲ. ಅತ್ತೆ ಬೇಲಿಯಾಚೆ ಮೈಮೂನಾ ಅವರ ಜಗಲಿಯಲ್ಲಿದ್ದರು. ನನ್ನನ್ನು ಕಂಡು ಎದ್ದರು, ಆದರೆ ಆತುರ ಮಾಡಲಿಲ್ಲ. ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು ಬಂದು, ನನಗೆ ಬೆಲ್ಲ ನೀರು ಕೊಟ್ಟು, ಕಂಬಕ್ಕೆ ಒರಗಿ ಕೂತರು.

"ಮಗು ಎಷ್ಟುಂಟು ಈಗ?"

"ಮೂರು ಚಿಲ್ಲರೆ. ಇಳಿದಿದೆ."

ನಾನು ವಾಸುಮಾವನ ಸಂಗತಿ ಹೇಳಿದೆ. ಮೀಸೆ, ಕೋಣ, ಹೆಣ್ಣು ನೋಡಿದ್ದು, ಎಲ್ಲ. ಅತ್ತೆ ಪೂರ್ತಿ ಕೇಳಿ, "ಹಾಗಾದ್ರೆ ನಾನೀಗ ನಿಮ್ಮ ತಾಯಿಯನ್ನು ಬೈಯಬೇಕಾ?" ಎಂದರು.

"ಹಾಗಲ್ಲ ಅತ್ತೆ. ಅವತ್ತು ಹೋಗುವಾಗ ನಾನು ಹೇಳಿದ್ದು..."

"ಎಂತ ಹೇಳಿದ್ದು?"

ನನ್ನ ವಾಕ್ಯವನ್ನೋ ಸೌಮ್ಯಳ ವಾಕ್ಯವನ್ನೋ, ಯಾವುದಕ್ಕೆ ಕ್ಷಮೆ ಕೇಳುವುದು ಎಂದು ಯೋಚಿಸುತ್ತಿದ್ದೆ.

"ನೀವು ಎಂತದ್ದೂ ಹೇಳ್ಲಿಲ್ಲ" ಎಂದರು ಅತ್ತೆ. "ಒಂದು ಮಾತಾದ್ರೂ ಆಡಿದ್ರೆ ನಾನೂ ತಿರುಗಿ ಆಡ್ತಿದ್ದೆ. ಚೀಲ ಎತ್ತಿದಿರಿ, ಕಾರಿಗೆ ಹಾಕಿದಿರಿ. ಒಳಲೆ ಮರ್ತು ಹೋಗ್ತಿದ್ದಿರಿ, ನಾನೇ ಓಡಿ ಬಂದು ಕಿಟಕಿಯಲ್ಲಿ ಕೊಟ್ಟದ್ದು."

ಅದು ನನಗೆ ನೆನಪೇ ಇಲ್ಲ.

"ಮೂಡುಬಿದಿರೆಗೆ ಬರ್ತೀರಾ ಅತ್ತೆ?"

"ನಾನು ಬರುವುದಲ್ಲ. ಬಾಣಂತನ ಆಗುವುದು ಇಲ್ಲಿ. ಕರ್ಕೊಂಡು ಬನ್ನಿ ಇಬ್ಬರನ್ನೂ. ನಿಮ್ಮ ತಾಯಿಯೂ ಬರ್ಲಿ, ಮಾತಿಗೆ ಜನ ಆಯ್ತು. ಬೀಡಿ ಇನ್ನು ಆಚೆ ಜಗಲಿಯಲ್ಲಿ, ಮಗು ಈಚೆ ಮನೆಯಲ್ಲಿ. ಆದ್ರೆ ಬೀಡಿ ಬಿಡಿ ಅಂತ ನನ್ನತ್ರ ಹೇಳಬೇಡಿ. ಅದು ನನ್ನ ಕೆಲಸ."

ಬೇಲಿಯಾಚೆಯಿಂದ ಮೈಮೂನಾ ಕೂಗಿದರು: "ನನ್ನ ಜಗಲಿಗೆ ಬಾಡಿಗೆ ಯಾರು ಕೊಡುವುದು ಸರ್?"

ಅಂದು ಸಂಜೆಯೇ ಕರೆದುಕೊಂಡು ಬಂದೆ.

ಮುಂದಿನ ವಾರಗಳಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ. ಎರಡು ಗಂಟೆಗೊಮ್ಮೆ ಹಾಲು, ನಡುನಡುವೆ ತೇಗು ತೆಗೆಸುವುದು. ಅತ್ತೆ ಆಚೆ ಜಗಲಿಯಿಂದ ಬಂದರೆ ಮೊದಲು ಬಾವಿಕಟ್ಟೆ, ಬೇರೆ ಸೀರೆ, ಆಮೇಲೆ ಮಗು. ಅಮ್ಮ ಮತ್ತು ಅತ್ತೆ ಮೊದಲ ಎರಡು ದಿನ ಮರ್ಯಾದೆಯಿಂದ ಮಾತಾಡಿದರು, ಮೂರನೇ ದಿನದಿಂದ ಸಲಿಗೆಯಿಂದ ಜಗಳವಾಡಿದರು. ಸೌಮ್ಯ ಒಳಲೆ ಹಿಡಿಯಲು ಕಲಿತಳು. ನನಗೆ ಕೊನೆಗೂ ಬರಲಿಲ್ಲ. ಮಗು ಹಾಲಿನ ನಡುವೆ ನಗಲು ಶುರು ಮಾಡಿತು. ಸೀಳಿದ ತುಟಿಯ ನಗು ಬಹಳ ಅಗಲ. ಅದನ್ನು ಫೋಟೋ ತೆಗೆಯಲು ನನಗೆ ಧೈರ್ಯವಾಗಲಿಲ್ಲ. ಸೌಮ್ಯ ತೆಗೆದಿಟ್ಟಿದ್ದಾಳೆ, ಈಗ ಅದನ್ನು ನೋಡಲು ನಾನೇ ಅವಳ ಫೋನು ಕೇಳುತ್ತೇನೆ.

ನಾಲ್ಕನೇ ತಿಂಗಳು ಹಿಡಿಯುತ್ತಿದ್ದಂತೆ ಮತ್ತೆ ಮಂಗಳೂರಿಗೆ ಹೋದೆವು. ಈ ಸಲ ಅತ್ತೆಯೂ ಮತ್ತೆ ಬಂದರು. ತೂಕಕ್ಕೆ ಕರೆಯುವ ಸ್ವಲ್ಪ ಮೊದಲು, ಕಾಯುವ ಕೋಣೆಯ ಮೂಲೆಯಲ್ಲಿ ಕೂತು ಒಂದು ಒಳಲೆ ಹಾಲು ಪೂರ್ತಿ ಕುಡಿಸಿದರು, ಆಮೇಲೆ ಇನ್ನರ್ಧ. ತೂಕದ ಯಂತ್ರ ಐದು ಕಿಲೋ ಮೂವತ್ತು ಗ್ರಾಂ ತೋರಿಸಿತು. ನರ್ಸ್ ಬರೆದುಕೊಂಡಳು. ಸುಮ್ಮನಿರಬಹುದಿತ್ತು.

"ಈಗಷ್ಟೇ ಹಾಲು ಕುಡಿಸಿದ್ದೇವೆ" ಎಂದೆ ಡಾಕ್ಟರಿಗೆ. "ಅದನ್ನು ಕಳೆದರೆ ಐದು ಆಗುವುದಿಲ್ಲ."

ಸೌಮ್ಯ ನನ್ನನ್ನು ನೋಡಿದ ರೀತಿ ಇಲ್ಲಿ ಬರೆಯುವಂಥದ್ದಲ್ಲ.

"ಎಷ್ಟು ಹೊತ್ತಲ್ಲಿ ಕುಡಿಯಿತು?" ಎಂದರು ಡಾಕ್ಟರ್.

"ಹದಿನೈದು ನಿಮಿಷ ಆಗಿರಬಹುದು" ಎಂದಳು ಸೌಮ್ಯ.

"ಮೂಗಲ್ಲಿ ಬಂತಾ?"

"ಒಂದು ತೊಟ್ಟೂ ಇಲ್ಲ" ಎಂದರು ಅತ್ತೆ.

"ಹಾಗಾದರೆ ಸಾಕು. ಹತ್ತು ಗ್ರಾಂ ಮೇಲೆ ಕೆಳಗೆ ಅಂತ ನಾನು ಹೊಲಿಯುವುದಲ್ಲ. ರಕ್ತ ಸರಿಯುಂಟು. ಮುಂದಿನ ಗುರುವಾರ ಬಂದು ಸೇರಿಕೊಳ್ಳಿ." ಅತ್ತೆಯ ಕಡೆ ತಿರುಗಿ ಸೇರಿಸಿದರು: "ಅಮ್ಮಾ, ಹೊರಗೆ ಒಬ್ಬಳು ಕೂತಿದ್ದಾಳೆ, ಚೊಚ್ಚಲು. ಸ್ವಲ್ಪ ತೋರಿಸಿಕೊಡ್ತೀರಾ?"

ಹೊರಗೆ ಕೂತಿದ್ದವಳು ವಿಟ್ಲದ ಕಡೆಯ ಬ್ಯಾರಿ ಹುಡುಗಿ, ಇಪ್ಪತ್ತೆರಡು ಇದ್ದೀತು. ಗಂಡ ಸೌದಿಯಲ್ಲಿ. ಮಗುವಿಗೆ ಇಪ್ಪತ್ತು ದಿನ. ಮುಖದ ಮೇಲೆ ಬಟ್ಟೆ. ಅತ್ತೆ ಪಕ್ಕದಲ್ಲಿ ಕೂತು, ಕೇಳದೆಯೇ ಬಟ್ಟೆ ಸರಿಸಿ, ಮಗುವನ್ನು ಎಡತೊಡೆಗೆ ತೆಗೆದುಕೊಂಡರು. ಹುಡುಗಿ ಒಳಲೆಯನ್ನು ನೋಡುತ್ತಿರಲಿಲ್ಲ.

"ಅಮ್ಮಾ, ಎರಡನೇ ತಿಂಗಳಲ್ಲಿ ನನಗೆ ಜ್ವರ ಬಂದಿತ್ತು. ಮನೆಯಲ್ಲಿದ್ದ ಮಾತ್ರೆ ತಿಂದಿದ್ದೆ. ಎರಡು ತಿಂದದ್ದಾ ಮೂರಾ ಗೊತ್ತಿಲ್ಲ. ಅದರಿಂದಲಾ ಇದು?"

"ಕಾರಣ ಬೇಕಾದ್ರೆ ಅಲ್ಲಿ ನಿಂತಿದ್ದಾರಲ್ಲ, ನನ್ನ ಅಳಿಯ, ಅವರತ್ರ ಕೇಳು. ಅವರು ಅದನ್ನೇ ಓದಿದವರು. ಹಾಲು ಕುಡಿಸುವುದಾದ್ರೆ ಇಲ್ಲಿ ನೋಡು."

ಅತ್ತೆ ಇದನ್ನು ತಲೆ ಎತ್ತದೆ ಹೇಳಿದರು. ಹುಡುಗಿ ಮಾತ್ರ ನಿಜವಾಗಿಯೂ ನನ್ನ ಕಡೆ ತಿರುಗಿದಳು.

"ಹೌದಾ ಸರ್?"

"ನಮ್ಮದಕ್ಕೇ ಕಾರಣ ಗೊತ್ತಾಗಲಿಲ್ಲ" ಎಂದೆ. "ಯಾವ ಮಾತ್ರೆ ಅಂತ ಡಾಕ್ಟರಿಗೆ ಹೇಳಿ. ಎಷ್ಟು ತಿಂದದ್ದು ನೆನಪಿಲ್ಲದಿದ್ದರೆ ನೆನಪಿಲ್ಲ ಅಂತಲೇ ಹೇಳಿ."

"ಹೇಳ್ತೇನೆ. ಆದ್ರೆ ಸರ್, ನನ್ನ ತಪ್ಪಾ?"

ಇದಕ್ಕೆ ಉತ್ತರ ಕೊಡಲು ನನ್ನಲ್ಲಿ ಮಾಹಿತಿ ಇರಲಿಲ್ಲ. ಯಾವ ಮಾತ್ರೆ ಎಂದು ಗೊತ್ತಿಲ್ಲ, ಅವಳ ಮನೆಯವರು ಯಾರೆಂದು ಗೊತ್ತಿಲ್ಲ.

"ಅಲ್ಲ" ಎಂದೆ.

ಅವಳು ಕಣ್ಣೊರೆಸಿಕೊಂಡು ಒಳಲೆಯತ್ತ ಬಾಗಿದಳು. ನರಿಕೊಂಬಿನ ಜಗಲಿಯಲ್ಲಿ ನಾನು ಮೀಸೆಯ ಕಥೆ ಹೇಳಿದ್ದೆ, ಕೋಣದ ಕಥೆ ಹೇಳಿದ್ದೆ. ತಪ್ಪು ನಿಮ್ಮದಲ್ಲ ಎಂಬ ಈ ಒಂದು ಮಾತನ್ನು ಅಂದು ಅತ್ತೆಗೆ ಹೇಳಿದ್ದೆನೇ ಎಂದು ಅಲ್ಲೇ ನಿಂತು ನೆನಪಿಸಿಕೊಳ್ಳಲು ನೋಡಿದೆ. ಅತ್ತೆ ತಲೆ ಎತ್ತಿದ್ದರು. ಮಗುವಿನ ಬಾಯಿ ತೆರೆದೇ ಇತ್ತು, ಒಳಲೆ ಅವರ ಕೈಯಲ್ಲಿ ಹಾಗೆಯೇ ನಿಂತಿತ್ತು. ಅವರು ನನ್ನನ್ನು ನೋಡುತ್ತಿದ್ದರು. ಹೇಳಿರಲಿಲ್ಲ ಎಂದು ಆ ಮುಖ ನೋಡಿ ಗೊತ್ತಾಯಿತು.